ಕೊಕ್ಕರೆ ಆಮೇಲೆ ಎಲ್ಲಿಗೆ ಹೋಯಿತು

ಬೆಡ್‌ಶೀಟು ಮಡಿಸುವುದು ಒಬ್ಬರ ಕೆಲಸವಲ್ಲ. ಮನೆಯಲ್ಲಾದರೆ ಹೇಗೋ ಎದೆಗೆ ಒತ್ತಿಕೊಂಡು, ಗಲ್ಲದಡಿಯಲ್ಲಿ ಅವುಚಿಕೊಂಡು ಮಡಿಸಿಬಿಡಬಹುದು. ದೊಡ್ಡಾಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಅದು ನಡೆಯುವುದಿಲ್ಲ. ದಿನಕ್ಕೆ ಆರುನೂರು ಬೆಡ್‌ಶೀಟು, ಒಂದೊಂದೂ ಆಳುದ್ದಕ್ಕಿಂತ ಉದ್ದ. ಆಚೆ ತುದಿಯ ಎರಡು ಮೂಲೆ ಒಬ್ಬಳು ಹಿಡಿಯಬೇಕು, ಈಚೆ ತುದಿಯ ಎರಡು ಮೂಲೆ ಇನ್ನೊಬ್ಬಳು. ಒಂದು ಸಲ ಜಾಡಿಸಿ, ಎಳೆದು ಬಿಗಿ ಮಾಡಿ, ಆಮೇಲೆ ಇಬ್ಬರೂ ಎದುರುಬದುರಾಗಿ ನಡೆದು ಬಂದು ಮೂಲೆಗೆ ಮೂಲೆ ಕೂಡಿಸಬೇಕು. ಕೈಗೆ ಕೈ ತಗಲುತ್ತದೆ, ಮುಖ ಮುಖದ ಹತ್ತಿರ ಬರುತ್ತದೆ. ದಿನಕ್ಕೆ ನೂರಾರು ಸಲ ಹೀಗೆ ನೋಡಿ ನೋಡಿ, ಗಂಡನ ಮುಖಕ್ಕಿಂತ ಜೊತೆಗಾತಿಯ ಮುಖವೇ ಹೆಚ್ಚು ಪರಿಚಯ ಅಂತ ಅಲ್ಲಿನ ಹೆಂಗಸರೇ ಹೇಳಿಕೊಂಡು ನಗುತ್ತಿದ್ದರು.

ಅಂಥ ಕೆಲಸವನ್ನು ಕತೆಯಕ್ಕ ಹನ್ನೊಂದು ವರ್ಷ ಒಬ್ಬಳೇ ಮಾಡಿದಳು. ಗೋಡೆಗೆ ಎರಡು ಮೊಳೆ, ಮೊಳೆಗೊಂದು ಕ್ಲಿಪ್ಪು. ಆಚೆ ತುದಿಯನ್ನು ಕ್ಲಿಪ್ಪಿಗೆ ಸಿಕ್ಕಿಸಿ, ಈಚೆ ತುದಿ ತಾನು ಹಿಡಿದು ಗೋಡೆಯ ಕಡೆಗೆ ನಡೆಯುವಳು. ಗೋಡೆ ಎದುರು ಬರುವುದಿಲ್ಲ ನೋಡಿ, ಪೂರ್ತಿ ದೂರ ಅವಳೇ ಹೋಗಬೇಕು. ಉಳಿದವರು ಪಕ್ಕದಲ್ಲೇ ಜೋಡಿ ಜೋಡಿಯಾಗಿ ಮಡಿಸುತ್ತಿದ್ದರು. ಅವಳಿಗೆ ಬೇಕಾಗಿದ್ದದ್ದು ಒಂದೇ: ಯಾರಾದರೊಬ್ಬರು ಎದ್ದು ಬಂದು ಆ ತುದಿಯನ್ನು ಹಿಡಿಯಲಿ. ಯಾರೂ ಬರಲಿಲ್ಲ.

ಯಾಕೆ ಹಾಗಾಯಿತು ಅಂತ ಹೇಳಬೇಕಾದರೆ ಅವಳ ಒಳ್ಳೆಯ ದಿನಗಳಿಂದಲೇ ಶುರು ಮಾಡಬೇಕು. ಕೆಟ್ಟ ಹೆಂಗಸು ಅಂತ ಹಣೆಪಟ್ಟಿ ಅಂಟಿಸಿ ಕೈತೊಳೆದುಕೊಳ್ಳುವುದು ಸುಲಭ. ಆ ಸುಲಭದ ಕೆಲಸವನ್ನೇ ಅವಳೂ ಮಾಡಿದ್ದು, ಅದಕ್ಕೇ ಈ ಗತಿ ಬಂದದ್ದು.

ಗಂಡ ಬಸ್ಸು ಓಡಿಸುತ್ತಿದ್ದ, ಮೂವತ್ತು ತುಂಬುವ ಮೊದಲೇ ಎದೆನೋವು ಬಂದು ಹೋದ. ಕೈಯಲ್ಲಿ ಒಂದು ಹೆಣ್ಣು ಮಗು. ಗಡಿಯಾರ ರಿಪೇರಿಯವನ ಅಂಗಡಿಯ ಮೇಲೆ ಎರಡು ಕೋಣೆ ಬಾಡಿಗೆಗೆ ಹಿಡಿದು, ಲಾಂಡ್ರಿಗೆ ಸೇರಿಕೊಂಡಳು. ಕೆಳಗಿನಿಂದ ಹಗಲೆಲ್ಲ ಐವತ್ತು ಗಡಿಯಾರಗಳ ಟಿಕ್ ಟಿಕ್, ಒಂದಕ್ಕೂ ಇನ್ನೊಂದಕ್ಕೂ ತಾಳ ಇಲ್ಲ. ಲಾಂಡ್ರಿಯಲ್ಲಿ ಮಷಿನುಗಳ ಗಡಗಡ, ಹಬೆ, ಸೋಡಾಪುಡಿಯ ಘಾಟು. ಹನ್ನೊಂದು ಗಂಟೆಗೆ ಹದಿನೈದು ನಿಮಿಷ ಚಹಾ ಕುಡಿಯಲು ಬಿಡುತ್ತಿದ್ದರು. ಆ ಹದಿನೈದು ನಿಮಿಷದಲ್ಲಿ ಅವಳು ಕತೆ ಹೇಳುತ್ತಿದ್ದಳು. ಹೆಸರು ಬಿದ್ದದ್ದು ಅಲ್ಲಿಂದಲೇ.

ಕತೆಗಳೆಲ್ಲ ಪ್ರಾಣಿ ಪಕ್ಷಿಗಳವು. ಒಂದು ಬೇಲಿ, ಬೇಲಿಯೊಳಗೆ ಕೋಳಿ, ಬಾತು, ಕುರಿ, ಕತ್ತೆ, ಎಮ್ಮೆ. ಯಾರ ಹೆಸರನ್ನೂ ಎತ್ತುತ್ತಿರಲಿಲ್ಲ, ಆದರೆ ಯಾವುದು ಯಾರು ಅಂತ ಕೇಳುವವರಿಗೆಲ್ಲ ಗೊತ್ತು. ರಾತ್ರಿಯೆಲ್ಲ ಕೂಗಿ ಗಂಟಲು ಕಟ್ಟಿಸಿಕೊಂಡು, ಬೆಳಗಾಗುವ ಹೊತ್ತಿಗೆ ಸರಿಯಾಗಿ ನಿದ್ದೆ ಹೋಗುವ ಹುಂಜ ಅಂದರೆ ಮೇಲ್ವಿಚಾರಕ. ಹೆಜ್ಜೆ ಹೆಜ್ಜೆಗೂ ನೆಲವನ್ನು ಬೈದುಕೊಂಡು ನಡೆಯುವ ಎಮ್ಮೆ ಅಂದರೆ ಇಸ್ತ್ರಿಯಕ್ಕ, ಅಲ್ಲಿ ಎಲ್ಲರಿಗಿಂತ ಹಿರಿಯಳು. ಇಸ್ತ್ರಿಯಕ್ಕ, "ಏನೇ, ನನ್ನನ್ನೇ ಎಮ್ಮೆ ಮಾಡ್ತೀಯಾ?" ಅಂತ ಕಣ್ಣು ಬಿಡುತ್ತಿದ್ದಳು. ತನ್ನ ಪಾತ್ರ ಬರದ ದಿನ ಮುಖ ಸಣ್ಣ ಮಾಡಿಕೊಳ್ಳುವವಳೂ ಅವಳೇ.

ಈ ಕತೆಗಳಲ್ಲಿ ಒಂದು ವಿಷಯ ಮಾತ್ರ ಬದಲಾಗುತ್ತಿರಲಿಲ್ಲ. ಕೇಡು ಬರುತ್ತಿದ್ದದ್ದು ಯಾವಾಗಲೂ ಬೇಲಿಯ ಆಚೆಯಿಂದ. ಗುಡ್ಡದ ಕಡೆಯಿಂದ ತೋಳ ಬರುತ್ತಿತ್ತು, ಏನಾದರೂ ಕಿತಾಪತಿ ಮಾಡುತ್ತಿತ್ತು, ಕೊನೆಗೆ ಎಲ್ಲ ಸೇರಿ ಓಡಿಸುತ್ತಿದ್ದವು. ಬೇಲಿಯೊಳಗಿನವು ಪೆದ್ದಾಗಿರಬಹುದು, ಹೊಟ್ಟೆಬಾಕ ಇರಬಹುದು, ಬಾಯಿಬಡುಕ ಇರಬಹುದು, ಆದರೆ ಕೆಟ್ಟವಲ್ಲ. ಕೇಳುವವರಿಗೂ ಅದೇ ಬೇಕಿತ್ತು, ಹೇಳುವವಳೂ ಅದನ್ನೇ ನಂಬಿದ್ದಳು.

ಅವಳ ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿಯುತ್ತಿದ್ದವಳನ್ನು ಎಲ್ಲರೂ ಕೊಕ್ಕರೆ ಅನ್ನುತ್ತಿದ್ದರು. ಉದ್ದ ಕತ್ತು, ಸಣಕಲು ಮೈ. ಮಷಿನು ನಿಲ್ಲುವುದನ್ನು ಕಾಯುವಾಗ ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟು ನಿಲ್ಲುವಳು, ಅದಕ್ಕೇ ಆ ಹೆಸರು. ಕತೆಯಕ್ಕನಿಗಿಂತ ಹದಿಮೂರು ವರ್ಷ ಚಿಕ್ಕವಳು. ಮದುವೆಯಿಲ್ಲ, ಹಾಸಿಗೆ ಹಿಡಿದ ತಾಯಿ ಮನೆಯಲ್ಲಿ. ಮಾತು ಬಲು ಕಡಿಮೆ. ಇವಳು ಕತೆಗೆ ಕತೆ ಪೋಣಿಸುತ್ತಿದ್ದರೆ ಅವಳು ಮೂಲೆ ಕೂಡಿಸುತ್ತ, "ಆಮೇಲೆ?" ಅನ್ನುವಳು. ಅಷ್ಟೇ. ಒಂಬತ್ತು ವರ್ಷ ಆ ಒಂದು "ಆಮೇಲೆ?"ಯ ಬಲದಿಂದಲೇ ಕತೆಗಳು ಹುಟ್ಟುತ್ತಿದ್ದವು, ಕತೆಯಕ್ಕನಿಗೆ ಅದು ಆಗ ಗೊತ್ತಿರಲಿಲ್ಲ.

ಇನ್ನು ಗಂಟಿನ ವಿಷಯ ಹೇಳಬೇಕು. ಲಾಂಡ್ರಿಯ ಹೆಂಗಸರಿಗೆಲ್ಲ ಒಂದು ಕಳ್ಳ ಅಭ್ಯಾಸವಿತ್ತು. ಮನೆಯ ಒಂದೋ ಎರಡೋ ಬಟ್ಟೆಯನ್ನು ದಿಂಬಿನ ಕವರಿನೊಳಗೆ ತುರುಕಿ, ಬಾಯಿ ಗಂಟು ಹಾಕಿ, ಆಸ್ಪತ್ರೆಯ ಬಟ್ಟೆಯ ಜೊತೆಗೇ ಮಷಿನಿಗೆ ಎಸೆದುಬಿಡುವುದು. ಕುದಿಯುವ ನೀರು, ಒಳ್ಳೆಯ ಸೋಪು, ಪುಕ್ಕಟೆ. ಬಟ್ಟೆ ತೆಗೆಯುವಾಗ ತಮ್ಮ ತಮ್ಮ ಗಂಟನ್ನು ಮೊದಲು ಎತ್ತಿಕೊಂಡು ಏಪ್ರನ್ನಿನ ಕೆಳಗೆ ಸೇರಿಸುವುದು. ಇದು ತಿಳಿದರೆ ಕೆಲಸದಿಂದ ತೆಗೆಯುತ್ತೇವೆ ಅಂತ ಬಾಗಿಲ ಮೇಲೇ ಬರೆದು ಹಾಕಿದ್ದರು. ಆದರೂ ಗಂಟು ಹಾಕದವರು ಅಲ್ಲಿ ಒಬ್ಬರೂ ಇರಲಿಲ್ಲ. ಅಲ್ಲ, ಇದ್ದಳು ಒಬ್ಬಳು. ಕೊಕ್ಕರೆ ಹಾಕುತ್ತಿರಲಿಲ್ಲ. ಅಮ್ಮನ ಬಟ್ಟೆಯನ್ನು ಮನೆಯಲ್ಲೇ ಕೈಯಾರೆ ಒಗೆಯುತ್ತಿದ್ದಳು.

ಬಿಸ್ಕತ್ತು ಕಾರ್ಖಾನೆಗೆ ಸೇರಿದ ಮಗಳು ಮೊದಲ ಸಂಬಳದಲ್ಲಿ ಅಮ್ಮನಿಗೊಂದು ಶಾಲು ತಂದುಕೊಟ್ಟಳು. ಕೆಂಪು ಅಂದರೆ ಅಂಥಿಂಥ ಕೆಂಪಲ್ಲ, ಕಣ್ಣು ಕುಕ್ಕುವ ಕೆಂಪು. ಕತೆಯಕ್ಕ ಒಂದು ವಾರ ಅದನ್ನು ಮೈಮೇಲಿಂದ ಇಳಿಸಲಿಲ್ಲ. ಹಬೆಯ ಸೆಕೆಯಲ್ಲಿ ಬೆವರು ಸುರಿಯುತ್ತಿದ್ದರೂ ಹೊದ್ದುಕೊಂಡೇ ಓಡಾಡಿದಳು. "ಅಯ್ಯೋ, ತೆಗಿಯೇ ಮಾರಾಯ್ತಿ, ನೋಡೋಕೇ ಬೆಂಕಿ ಬಿದ್ದ ಹಾಗಿದೆ" ಅಂದಳು ಇಸ್ತ್ರಿಯಕ್ಕ. "ಮಗಳು ಕೊಟ್ಟಿದ್ದು. ಹೊಟ್ಟೆಕಿಚ್ಚಾ?" ಅಂದಳು ಇವಳು. ಆ ವಾರದ ಕೊನೆಗೆ ಶಾಲಿನ ಮೇಲೆ ಚಹಾ ಚೆಲ್ಲಿತು.

ಹೊಸ ಕೆಂಪು ಬಟ್ಟೆಯನ್ನು ಬಿಳಿಯದರ ಜೊತೆ, ಅದೂ ಕುದಿನೀರಿಗೆ ಹಾಕಬಾರದು ಅಂತ ಮಕ್ಕಳಿಗೂ ಗೊತ್ತು. ಇಪ್ಪತ್ತು ವರ್ಷ ಬಟ್ಟೆಯ ನಡುವೆ ಬದುಕಿದವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ದಿಂಬಿನ ಕವರು ಎರಡು ಪದರ ಮಾಡಿ, ಗಂಟಿನ ಮೇಲೆ ಗಂಟು ಬಿಗಿದರೆ ಬಣ್ಣ ಎಲ್ಲಿಗೆ ಹೋಗುತ್ತದೆ ಅನ್ನುವ ಧಿಮಾಕು, ಅಷ್ಟೇ.

ಮಷಿನಿನ ಬಾಗಿಲು ತೆಗೆದಳು. ಆಪರೇಷನ್ ಕೋಣೆಗೆ ಹೋಗಬೇಕಾದ ನೂರಿಪ್ಪತ್ತು ಬೆಡ್‌ಶೀಟು, ಒಂದೂ ಬಿಡದೆ, ಗುಲಾಬಿ. ಕೈಹಾಕಿ ಗಂಟನ್ನು ಎಳೆದಳು. ರಕ್ತ ಹಿಂಡಿದ ಹಾಗೆ ಕೆಂಪು ನೀರು ಮೊಣಕೈವರೆಗೆ ಇಳಿಯಿತು. ಅಷ್ಟರಲ್ಲಿ ಮೇಲ್ವಿಚಾರಕನ ಬೂಟಿನ ಸದ್ದು. ಪಕ್ಕದಲ್ಲಿ ಕೊಕ್ಕರೆ ನಿಂತಿದ್ದಳು. ಗಂಟನ್ನು ಕಿತ್ತುಕೊಂಡು ತನ್ನ ಏಪ್ರನ್ನಿನೊಳಗೆ ತುರುಕಿ, ಅವನ ಎದುರಿಗೇ ಮೆಟ್ಟಿಲು ಹತ್ತಿ ಹೋಗಿಬಿಟ್ಟಳು. ಸಂಜೆ ಆಸ್ಪತ್ರೆಯ ಹಿಂದಿನ ಗೇಟಿನ ಹತ್ತಿರ, ಹಿಂಡಿ ಪೇಪರಿನಲ್ಲಿ ಸುತ್ತಿದ ಶಾಲನ್ನು ಕೈಗಿಟ್ಟಳು. "ತಣ್ಣೀರಲ್ಲಿ ಅದ್ದಿಡಕ್ಕ" ಅಂದಳು. ಅಷ್ಟೇ.

ಮೇಲ್ವಿಚಾರಕ ಮರುದಿನ ಬೆಳಿಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ. ಗಂಟಲ ನರ ಉಬ್ಬಿಸಿ, "ಯಾರೋ ಮನೆ ಬಟ್ಟೆ ಹಾಕಿದ್ದೀರಿ. ಶನಿವಾರದ ಒಳಗೆ ಯಾರು ಅಂತ ನೀವೇ ಬಂದು ಹೇಳ್ಬೇಕು. ಇಲ್ಲಾಂದ್ರೆ ಸೋಮವಾರದಿಂದ ಒಬ್ಬೊಬ್ಬರ ಚೀಲ, ಒಂದೊಂದು ಮಷಿನು, ಎಲ್ಲ ತೆಗೆದು ನೋಡ್ತೀನಿ. ಸಿಕ್ಕಿಬಿದ್ದವರೆಲ್ಲ ಮನೆಗೆ" ಅಂದ. ಅಂದು ಬುಧವಾರ.

ಈಗ ಕತೆಯಕ್ಕನ ಒಳಗೆ ಏನಾಯಿತು ಅಂತ ಸ್ವಲ್ಪ ನೋಡಿ. ತನ್ನನ್ನು ಉಳಿಸಿದವಳನ್ನು ಕಂಡರೆ ಪ್ರೀತಿ ಉಕ್ಕಬೇಕಿತ್ತು. ಉಕ್ಕಿದ್ದು ಭಯ. ಬುಧವಾರವೆಲ್ಲ ಮೂಲೆಗೆ ಮೂಲೆ ಕೂಡಿಸುವಾಗ ಆ ಮುಖ ಹತ್ತಿರ ಬರುತ್ತಿತ್ತು, ಎಂದಿನ ಹಾಗೇ ಇತ್ತು. ಅದೇ ತಡೆಯಲಾರದ ಹಾಗಾಯಿತು. ಕೊಕ್ಕರೆಗೆ ಎಲ್ಲ ಗೊತ್ತಿದೆ. ಇವತ್ತು ಹೇಳಲಿಲ್ಲ, ನಾಳೆ ಹೇಳಿದರೆ? ಹೇಳದೇ ಇದ್ದರೂ, ಇನ್ನು ಸಾಯುವ ತನಕ ದಿನಕ್ಕೆ ನೂರು ಸಲ ಈ ಮುಖದ ಋಣದಲ್ಲಿ ಬದುಕಬೇಕಲ್ಲ. ಗುರುವಾರದ ಹೊತ್ತಿಗೆ ಅವಳಿಗೆ ಕೊಕ್ಕರೆಯ ಮೌನವೇ ಸೊಕ್ಕಿನ ಹಾಗೆ ಕಾಣಿಸತೊಡಗಿತು. ಮನುಷ್ಯರ ಮನಸ್ಸು ಎಷ್ಟು ಬೇಗ ಇಂಥ ಕೆಲಸ ಕಲಿಯುತ್ತದೆ ಅಂದರೆ, ಕಲಿಸುವವರೇ ಬೇಡ.

ಗುರುವಾರ ಚಹಾದ ಹೊತ್ತಿನಲ್ಲಿ ಯಾರಿಗೂ ಬಾಯಿಗೆ ಏನೂ ಸೇರುತ್ತಿರಲಿಲ್ಲ. ಇಸ್ತ್ರಿಯಕ್ಕ, "ಏನಾದ್ರೂ ಕತೆ ಹೇಳೇ, ತಲೆ ಸಿಡೀತಿದೆ" ಅಂದಳು. ಕತೆಯಕ್ಕ ತೋಳದ ಕತೆ ಹೇಳಬೇಕೆಂದೇ ಬಾಯಿ ತೆರೆದಳು. ಬಂದದ್ದು ಬೇರೆ.

"ಬೇಲಿಯೊಳಗೆ ಒಂದು ಕೊಳ ಇತ್ತು. ಹಾಲಿನ ಹಾಗೆ ಬೆಳ್ಳಗಿನ ನೀರು. ಕೋಳಿ, ಬಾತು, ಎಮ್ಮೆ ಎಲ್ಲ ಅದನ್ನೇ ಕುಡೀತಿದ್ವು. ದಂಡೆ ಮೇಲೆ ಒಂದು ಕೊಕ್ಕರೆ ಒಂಟಿ ಕಾಲಲ್ಲಿ ನಿಂತಿರ್ತಿತ್ತು. ಯಾರ ಜೊತೇನೂ ಮಾತಿಲ್ಲ. ಎಲ್ಲರೂ ಮಾತಾಡ್ತಾರೆ, ಇದೊಂದು ಯಾಕೆ ಮಾತಾಡಲ್ಲ? ಏನು ಯೋಚನೆ ಮಾಡ್ತಾ ಇರುತ್ತೆ? ಯಾರಿಗೂ ಗೊತ್ತಿಲ್ಲ. ಒಂದಿನ ಬೆಳಿಗ್ಗೆ ಎದ್ದು ನೋಡಿದ್ರೆ ನೀರೆಲ್ಲ ಕೆಂಪು..."

ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿತು. ಕೊಕ್ಕರೆ ಚಹಾದ ಲೋಟ ಹಿಡಿದು, ಒಂದು ಕಾಲಿನ ಮೇಲೆ ಇನ್ನೊಂದಿಟ್ಟು, ಗೋಡೆಗೊರಗಿ ನಿಂತಿದ್ದಳು. ಮೆಲ್ಲಗೆ ಕಾಲನ್ನು ಕೆಳಗಿಟ್ಟಳು. ಬಾತಿನ ಪಾತ್ರದವಳು ಕಿಸಕ್ಕೆಂದು ನಕ್ಕಳು, ಅವಳ ಹಿಂದೆಯೇ ಇನ್ನೊಬ್ಬಳು. ಬುಧವಾರದಿಂದ ಉಸಿರು ಬಿಗಿಹಿಡಿದಿದ್ದ ಹೆಂಗಸರು ಉಸಿರು ಬಿಟ್ಟರು. ಕತೆಯಕ್ಕ ಮುಂದುವರಿಸಿದಳು. ಹಕ್ಕಿಗಳೆಲ್ಲ ಸೇರಿದವು, ಕುಕ್ಕಿದವು, ಕೊಕ್ಕರೆಯನ್ನು ಬೇಲಿಯಾಚೆ ಅಟ್ಟಿದವು, ನೀರು ಮತ್ತೆ ಬೆಳ್ಳಗಾಯಿತು. ಇಷ್ಟು ವರ್ಷದಲ್ಲಿ ಅವಳ ಯಾವ ಕತೆಯನ್ನೂ ಜನ ಹಾಗೆ ಬಾಯಿ ಬಿಟ್ಟುಕೊಂಡು ಕೇಳಿರಲಿಲ್ಲ. ಹೇಳುತ್ತ ಹೇಳುತ್ತ ಅವಳಿಗೆ ಹಿತವಾಯಿತು. ಹೌದು, ಹಿತವಾಯಿತು. ಭಯಕ್ಕೆ ಹೇಳಿದೆ ಅಂತ ಆಮೇಲೆ ಎಷ್ಟೇ ಸಮಾಧಾನ ಮಾಡಿಕೊಂಡರೂ ಆ ಹಿತದ ನೆನಪು ಮಾತ್ರ ಒಗೆದರೂ ಹೋಗಲಿಲ್ಲ.

ಅಷ್ಟು ಸಾಕಾಯಿತು. ಶುಕ್ರವಾರ ಕೊಕ್ಕರೆಯ ಸ್ಟೂಲು ಬಾಗಿಲಾಚೆ ಇತ್ತು. ಅವಳ ಊಟದ ಡಬ್ಬಿ ಸೋಡಾನೀರಿನ ತೊಟ್ಟಿಯಲ್ಲಿ ತೇಲುತ್ತಿತ್ತು. ಯಾರು ಹಾಕಿದರು ಅಂತ ಕೇಳಬೇಡಿ, ದಿನಾ ಅವಳ ಜೊತೆ ರೊಟ್ಟಿ ಹಂಚಿಕೊಂಡು ತಿಂದವರೇ. ಶನಿವಾರ ಎಲ್ಲರೂ ಗುಂಪಾಗಿ ಮೇಲ್ವಿಚಾರಕನ ಕೋಣೆಗೆ ಹೋದರು. ಬಾಯಿ ತೆರೆದದ್ದು ಇಸ್ತ್ರಿಯಕ್ಕ. "ಅವಳೇ ಸಾರ್." ಮೇಲ್ವಿಚಾರಕ ಒಬ್ಬೊಬ್ಬರ ಮುಖ ನೋಡಿದ. ಗುಂಪಿನ ಹಿಂದೆ ನಿಂತಿದ್ದ ಕತೆಯಕ್ಕ ತಲೆ ಆಡಿಸಿದಳು. ಹೆಸರು ಹೇಳಲಿಲ್ಲ, ತಲೆ ಆಡಿಸಿದಳು.

ಕೊಕ್ಕರೆ ಅಂದೇ ಮಧ್ಯಾಹ್ನ ಏಪ್ರನ್ ಬಿಚ್ಚಿ, ಮಡಿಸಿ, ಮೇಜಿನ ಮೇಲಿಟ್ಟಳು. ಅವಳು ಬಾಯಿ ಬಿಟ್ಟಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಬಿಡಲಿಲ್ಲ. ಹೋಗುವಾಗ ಕತೆಯಕ್ಕನ ಹತ್ತಿರ ಒಂದು ಗಳಿಗೆ ನಿಂತಳು.

"ಅಕ್ಕ, ಕೊಕ್ಕರೆ ಆಮೇಲೆ ಎಲ್ಲಿಗೆ ಹೋಯ್ತು?"

ಸಿಟ್ಟಿನಿಂದ ಕೇಳಿದ್ದರೆ ಉತ್ತರ ಹೊಳೆಯುತ್ತಿತ್ತು. ಅವಳು ಒಂಬತ್ತು ವರ್ಷ ಕೇಳಿದ ಹಾಗೆಯೇ ಕೇಳಿದಳು. ಕತೆಯಕ್ಕ ತಿರುಗಿ ಬೆಡ್‌ಶೀಟಿನ ರಾಶಿಗೆ ಕೈಹಾಕಿದಳು.

ಸೋಮವಾರ ಒಬ್ಬಳು ಹೊಸ ಜೊತೆಗಾತಿಯಾಗಿ ಬಂದಳು. ನಾಲ್ಕು ದಿನದಲ್ಲಿ ಭುಜನೋವು ಅಂತ ಬೇರೆ ಕಡೆ ಹೋದಳು. ಇನ್ನೊಬ್ಬಳು ಬಂದಳು, ಅವಳೂ ಏನೋ ನೆಪ ತೆಗೆದಳು. ಮಾತಿನ ಗುಂಪಿನ ಹತ್ತಿರ ಇವಳು ಹೋದರೆ ಮಾತು ನಿಲ್ಲುತ್ತಿತ್ತು. "ಕತೆ ಹೇಳಕ್ಕ" ಅಂತ ಮತ್ತೆ ಯಾರೂ ಕೇಳಲಿಲ್ಲ. ಇವಳೂ ಹೇಳಲಿಲ್ಲ, ಬಾಯಿ ತೆರೆದರೆ ಒಳಗಿಂದ ಏನು ಬರುತ್ತದೋ ಅಂತ ಅವಳಿಗೇ ದಿಗಿಲು. ಕೊನೆಗೆ ಮೇಲ್ವಿಚಾರಕ ಬೇಸತ್ತು ಗೋಡೆಗೆ ಎರಡು ಮೊಳೆ ಹೊಡೆಸಿದ. ನನ್ನನ್ನು ಕಂಡರೆ ಹೆದರಿಕೆ ಇವರಿಗೆ, ಮುಂದಿನ ಕತೆಯಲ್ಲಿ ತಾವೇ ಬಂದರೆ ಅಂತ, ಅಂದುಕೊಂಡಳು ಕತೆಯಕ್ಕ. ಪಾಪ, ನನ್ನ ಮಾತು ನಂಬಿ ಮೋಸಹೋದವರು ಅಂತಲೂ ಅಂದುಕೊಂಡಳು.

ಶಾಲು ಟ್ರಂಕಿನ ತಳ ಸೇರಿತು. ಮಗಳು ಮದುವೆಯಾಗಿ ಹೋಗುವ ಮುಂಚೆ, "ಅಮ್ಮಾ, ನಾನು ಕೊಟ್ಟ ಶಾಲು ಎಲ್ಲಿ?" ಅಂತ ಕೇಳಿದಾಗ "ಬಸ್ಸಲ್ಲಿ ಬಿಟ್ಟುಬಂದೆ" ಅಂದಳು. ಮಗಳು ಅವತ್ತು ಊಟ ಮಾಡಲಿಲ್ಲ. ಆಮೇಲೆ ಎರಡು ಕೋಣೆಯಲ್ಲಿ ಇವಳೊಬ್ಬಳೇ. ಭಾನುವಾರ ಮನೆಯ ಬೆಡ್‌ಶೀಟು ಮಡಿಸುವಾಗಲೂ ಅಭ್ಯಾಸಬಲದಿಂದ ಒಂದು ತುದಿಯನ್ನು ಮುಂದೆ ಚಾಚಿ ನಿಂತುಬಿಡುತ್ತಿದ್ದಳು. ಕೆಳಗೆ ಐವತ್ತು ಗಡಿಯಾರ ಟಿಕ್ ಟಿಕ್ ಅನ್ನುತ್ತಿದ್ದವು. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಗಲ್ಲದಡಿ ಅವುಚಿಕೊಂಡು ಮಡಿಸುತ್ತಿದ್ದಳು.

ಹೀಗೆ ಹನ್ನೊಂದು ವರ್ಷ. ನಿವೃತ್ತಿಗೆ ಒಂದು ವಾರ ಉಳಿದಾಗ, ಒಂದು ಮಧ್ಯಾಹ್ನ ರಜೆ ಹಾಕಿ, ಕೊಕ್ಕರೆಯ ಮನೆ ಹುಡುಕಿಕೊಂಡು ಹೊರಟಳು. ಹುಡುಕುವುದೇನು ಬಂತು, ದಾರಿ ಮೊದಲಿಂದಲೂ ಗೊತ್ತು, ಕಾಲು ಮಾತ್ರ ಏಳುತ್ತಿರಲಿಲ್ಲ. ಮೂರು ಮಹಡಿಯ ಹಳೇ ಕಟ್ಟಡ. ತಾರಸಿಯ ಮೇಲೆ ಹಗ್ಗದ ತುಂಬ ಬಟ್ಟೆ. ಪಕ್ಕದ ವಸತಿಗೃಹದ ಬಟ್ಟೆಯನ್ನು ಕೊಕ್ಕರೆ ಕೈಯಲ್ಲಿ ಒಗೆದುಕೊಡುತ್ತಿದ್ದಳು, ಹೊಟ್ಟೆಪಾಡು ಅದರಲ್ಲೇ. ತಾಯಿ ಹೋಗಿ ಆರು ವರ್ಷವಾಗಿತ್ತಂತೆ. ಕತ್ತು ಇನ್ನೂ ಉದ್ದವಾಗಿ ಕಾಣುತ್ತಿತ್ತು, ಬೆರಳ ಗಿಣ್ಣುಗಳು ಊದಿಕೊಂಡಿದ್ದವು.

"ಬಾ ಅಕ್ಕ" ಅಂದಳು, ನಿನ್ನೆ ತಾನೇ ನೋಡಿದವರ ಹಾಗೆ.

ಕತೆಯಕ್ಕ ಕೂರಲಿಲ್ಲ. "ನಾನೇ ಕಣೇ ಮಾಡಿದ್ದು. ಶಾಲು ನಂದು. ಗಂಟು ನಂದು. ನೀನು ನನ್ನನ್ನ ಉಳಿಸಿದೆ, ನಾನು ನಿನ್ನನ್ನ ಮುಳುಗಿಸಿದೆ" ಅಂದಳು.

"ಇದನ್ನ ನನಗ್ಯಾಕೆ ಹೇಳ್ತೀಯಕ್ಕ?" ಕೊಕ್ಕರೆಗೆ ನಿಜವಾಗಿ ಆಶ್ಚರ್ಯವಾದಂತಿತ್ತು. "ಗೊತ್ತಿರೋದು ನನಗೊಬ್ಬಳಿಗೇ ಅಲ್ವಾ? ಗೊತ್ತಿಲ್ಲದವರಿಗೆ ಹೇಳು."

"ಅವರಿಗಾ?"

"ಅವರಿಗೇ. ಅವರ ಮೇಲೆ ನಂಗೆ ಸಿಟ್ಟಿಲ್ಲ. ಅವರಿಗೇನು ಗೊತ್ತಿತ್ತು, ಪಾಪ? ನೀನು ಹೇಳಿದ್ದನ್ನ ನಂಬಿದ್ರು. ಗೊತ್ತಿದ್ದಿದ್ರೆ ಹಾಗೆ ಮಾಡ್ತಿದ್ರಾ? ನನ್ನ ಡಬ್ಬೀಲಿ ಉಂಡವರು ಅಕ್ಕ ಅವರು." ಹಗ್ಗದ ಮೇಲಿನ ಒಂದು ಬಟ್ಟೆಯ ಸುಕ್ಕನ್ನು ಬಿಡಿಸುತ್ತ ಹೇಳಿದಳು. "ಅದೊಂದನ್ನ ನೆನಸ್ಕೊಂಡೇ ನಾನು ಇಷ್ಟು ವರ್ಷ ಬದುಕಿದ್ದು. ಕೆಟ್ಟವಳು ನೀನೊಬ್ಬಳು ಅಂತ. ಬೇಜಾರು ಮಾಡ್ಕೋಬೇಡ. ಒಬ್ಬಳೇ ಅಂದ್ರೆ ಹೇಗೋ ತಡ್ಕೋಬಹುದು."

ಕತೆಯಕ್ಕನಿಗೆ ಬೇಜಾರಾಗಲಿಲ್ಲ. ಕಣ್ಣು ತುಂಬಿ ಬಂತು, ಆದರೆ ಎದೆ ಹಗುರಾಯಿತು. ಮಾಡಬೇಕಾದ ಕೆಲಸ ಯಾವುದು ಅಂತ ಯಾರೋ ಕೈಹಿಡಿದು ತೋರಿಸಿದ ಹಾಗಿತ್ತು.

ಕೊನೆಯ ದಿನ ಹನ್ನೊಂದು ಗಂಟೆಗೆ ಬೀಳ್ಕೊಡುಗೆ ಅಂತ ಒಂದು ಕೇಕು ತರಿಸಿದ್ದರು. ಎಲ್ಲರೂ ಗೋಡೆಗೊರಗಿ ನಿಂತು ತಟ್ಟೆ ಹಿಡಿದಿದ್ದರು. ಹೊಸಬರು ಇಬ್ಬರು ಮೂವರು, ಉಳಿದವರೆಲ್ಲ ಹಳಬರೇ. ಕತೆಯಕ್ಕ ಕೈಚೀಲದಿಂದ ಕೆಂಪು ಶಾಲನ್ನು ತೆಗೆದು ಮೇಜಿನ ಮೇಲೆ ಹರಡಿದಳು. ಬಣ್ಣ ಅಲ್ಲಲ್ಲಿ ಹೋಗಿ ತೊನ್ನು ಬಂದ ಹಾಗಾಗಿತ್ತು.

"ಒಂದು ಕತೆ ಹೇಳ್ತೀನಿ" ಅಂದಳು. ತಟ್ಟೆಗಳ ಸದ್ದು ನಿಂತಿತು. "ಇದರಲ್ಲಿ ಕೋಳಿ ಇಲ್ಲ, ಬಾತು ಇಲ್ಲ. ನಾನಿದ್ದೀನಿ." ಶಾಲು ಹಾಕಿದ್ದು, ಗಂಟು ಕಟ್ಟಿದ್ದು, ಕೊಕ್ಕರೆ ಉಳಿಸಿದ್ದು, ತಾನು ಕತೆ ಕಟ್ಟಿದ್ದು, ಹೇಳುವಾಗ ಹಿತವಾದದ್ದು, ಒಂದನ್ನೂ ಬಿಡದೆ ಹೇಳಿದಳು. "ನಿಮಗೆಲ್ಲ ಮೋಸ ಮಾಡಿದೆ. ಉಗೀರಿ, ಬೈರಿ, ಏನು ಬೇಕಾದ್ರೂ ಮಾಡಿ" ಅಂತ ಮುಗಿಸಿ ನಿಂತಳು.

ಯಾರೂ ಉಗಿಯಲಿಲ್ಲ. ಯಾರ ಮುಖದಲ್ಲೂ ಬೆಚ್ಚಿದ ಗುರುತಿಲ್ಲ. ಬಾತಿನ ಪಾತ್ರದವಳು ಕೇಕಿನ ಚೂರನ್ನು ಬೆರಳಲ್ಲಿ ಒತ್ತುತ್ತಿದ್ದಳು. ನಿವೃತ್ತಳಾಗಿದ್ದರೂ ಕೇಕಿಗೆಂದು ಬಂದು ಸ್ಟೂಲಿನ ಮೇಲೆ ಕೂತಿದ್ದ ಇಸ್ತ್ರಿಯಕ್ಕ ಕೊನೆಗೆ ಬಾಯಿಬಿಟ್ಟಳು.

"ಗೊತ್ತಿತ್ತು ಕಣೇ."

"ಏನು?"

"ನೀನೇ ಅಂತ. ಒಂದು ವಾರ ಶಾಲು ಹೊದ್ದು ಮೆರೆದೆ. ನೀರು ಕೆಂಪಾದ ಮಾರನೇ ದಿನದಿಂದ ಶಾಲಿಲ್ಲ. ನಾವೇನು ಕುರುಡರಾ?"

ಕತೆಯಕ್ಕ ಮೇಜಿನ ಮೇಲಿನ ಶಾಲಿನ ತುದಿ ಹಿಡಿದುಕೊಂಡಳು. "ಮತ್ತೆ... ಮತ್ತೆ ಅವಳ ಹೆಸರು ಯಾಕೆ..."

"ಆ ಮಷಿನಲ್ಲಿ ನಿಂದೊಂದೇ ಗಂಟು ಇತ್ತಾ? ನಂದೂ ಇತ್ತು. ಇವಳದೂ ಇತ್ತು. ಸೋಮವಾರ ಅವನು ಹುಡುಕೋಕೆ ಶುರು ಮಾಡಿದ್ರೆ ಎಲ್ಲರೂ ಬೀದಿಪಾಲು. ನೀನು ಸಿಕ್ಕಿಬಿದ್ರೆ ನಮ್ಮ ಹೆಸರೂ ಎಳೀತಿದ್ದೆ, ನಿನ್ನ ಬಾಯಿ ಗೊತ್ತಿಲ್ವಾ? ಅವಳಾದ್ರೆ ಬಾಯಿ ಬಿಡಲ್ಲ. ಅವಳದು ಗಂಟೂ ಇರಲಿಲ್ಲ." ಇಸ್ತ್ರಿಯಕ್ಕ ಸೆರಗಿನಂತೆ ಹೊದ್ದ ಟವಲಿನಿಂದ ಮೂಗು ಒರೆಸಿಕೊಂಡಳು. "ನೀನು ದಾರಿ ತೋರಿಸಿದೆ, ನಾವು ನಡೆದ್ವಿ. ಆಮೇಲೆ ನಿನ್ನ ಮುಖ ನೋಡಿದಾಗೆಲ್ಲ ನಮ್ಮ ಮುಖವೇ ಕಾಣ್ತಿತ್ತು. ಅದಕ್ಕೇ ಯಾರೂ ನಿನ್ನ ಎದುರು ನಿಂತು ಬೆಡ್‌ಶೀಟು ಹಿಡೀಲಿಲ್ಲ. ಹೆದರಿಕೆ ಗಿದರಿಕೆ ಏನಲ್ಲ."

ಎಲ್ಲರೂ ನೆಲ ನೋಡುತ್ತಿದ್ದರು. ಇಷ್ಟು ವರ್ಷ ತಾನೊಬ್ಬಳೇ ತೋಳ ಅಂತ ನಂಬಿಕೊಂಡಿದ್ದಳಲ್ಲ, ಅದು ಎಷ್ಟು ದೊಡ್ಡ ಸಮಾಧಾನವಾಗಿತ್ತು ಅಂತ ಅವಳಿಗೆ ಆಗ ತಿಳಿಯಿತು. ಗುಡ್ಡದ ಕಡೆಯಿಂದ ಯಾವ ತೋಳವೂ ಬಂದಿರಲೇ ಇಲ್ಲ. ಬೇಲಿಯೊಳಗೆ ಕೋಳಿ, ಬಾತು, ಎಮ್ಮೆ ಇದ್ದವು, ಅಷ್ಟೇ.

ಗಂಟೆಯಾಯಿತು. ತಟ್ಟೆಗಳನ್ನಿಟ್ಟು ಎಲ್ಲರೂ ಕೆಲಸಕ್ಕೆ ಹೋದರು. ಕತೆಯಕ್ಕ ಅಭ್ಯಾಸದಂತೆ ಒಂದು ಬೆಡ್‌ಶೀಟು ಎತ್ತಿ ಮೊಳೆಯ ಕಡೆಗೆ ನಡೆದಳು. ಅಷ್ಟರಲ್ಲಿ ಇಸ್ತ್ರಿಯಕ್ಕ ಮೊಣಕಾಲು ಹಿಡಿದುಕೊಂಡು, ನೆಲವನ್ನು ಬೈದುಕೊಂಡು, ಕುಂಟುತ್ತ ಬಂದು ಇನ್ನೊಂದು ತುದಿಗೆ ಕೈಚಾಚಿದಳು. "ಕೊಡು ಇಲ್ಲಿ. ಇನ್ನೇನು ಮುಚ್ಚಿಡೋದಿದೆ?"

ಹನ್ನೊಂದು ವರ್ಷ ಕಾದದ್ದು ಇದಕ್ಕೇ. ಕತೆಯಕ್ಕ ತುದಿ ಕೊಟ್ಟಳು. ಇಬ್ಬರೂ ಜಾಡಿಸಿದರು, ಎಳೆದರು, ಎದುರುಬದುರು ನಡೆದು ಬಂದರು. ಮುಖ ಹತ್ತಿರ ಬಂದಾಗ ಇಬ್ಬರೂ ಒಟ್ಟಿಗೇ ಕಣ್ಣು ಕೆಳಗೆ ಮಾಡಿದರು. ಗೋಡೆಯೇ ವಾಸಿ ಅನ್ನಿಸಿತು ಅವಳಿಗೆ.

ಮರುದಿನ ಬೆಳಿಗ್ಗೆ ತಾರಸಿಗೆ ಹೋದಳು. ಏನಾಯಿತು ಅಂತ ಬಂದು ಹೇಳುತ್ತೇನೆ ಅಂತ ಅವತ್ತು ಕೊಕ್ಕರೆಗೆ ಮಾತು ಕೊಟ್ಟು ಬಂದಿದ್ದಳು, ಹೋಗದೆ ಇರುವ ಹಾಗಿರಲಿಲ್ಲ. ಬಿಸಿಲು ಚೆನ್ನಾಗಿತ್ತು. ಕೊಕ್ಕರೆ ಒಣಗಿದ ಬಟ್ಟೆಗಳನ್ನು ಹಗ್ಗದಿಂದ ತೆಗೆಯುತ್ತಿದ್ದಳು. ಹೆಜ್ಜೆಯ ಸದ್ದು ಕೇಳಿ ಗಕ್ಕನೆ ತಿರುಗಿದಳು. ಆ ಮುಖದಲ್ಲಿ ಅಷ್ಟು ಆತುರವನ್ನು ಕತೆಯಕ್ಕ ಎಂದೂ ಕಂಡಿರಲಿಲ್ಲ.

"ಹೇಳಿದ್ಯಾ ಅಕ್ಕ?"

"ಹೇಳಿದೆ. ಎಲ್ಲಾ ಹೇಳಿದೆ."

"ಆಮೇಲೆ?"

ಅದೇ ಮಾತು, ಅದೇ ದನಿ. ಕತೆಯಕ್ಕ ಅವಳ ಊದಿದ ಗಿಣ್ಣುಗಳನ್ನು ನೋಡಿದಳು. ನಿಜ ಹೇಳಲೆಂದೇ ಮೆಟ್ಟಿಲು ಹತ್ತಿದ್ದಳು. ಇನ್ನು ಸುಳ್ಳು ಬೇಡ ಅಂತ ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡು ಬಂದಿದ್ದಳು. ಬಾಯಿ ತೆರೆದಳು.

"ಆಮೇಲೆ ಏನು, ಎಲ್ಲರೂ ಗೊಳೋ ಅಂತ ಅತ್ತುಬಿಟ್ರು ಕಣೇ. ಇಸ್ತ್ರಿಯಕ್ಕ ಅಂತೂ ಎದೆ ಎದೆ ಬಡ್ಕೊಂಡ್ಲು. ಅಯ್ಯೋ, ನಮಗೆ ಗೊತ್ತೇ ಇರ್ಲಿಲ್ವಲ್ಲೇ, ಗೊತ್ತಿದ್ದಿದ್ರೆ ಆ ಹುಡುಗೀನ ಬಿಟ್ಟುಕೊಡ್ತಿದ್ವಾ ಅಂದ್ಲು. ನನ್ನ ಮುಖಕ್ಕೆ ಉಗಿದ್ರು. ಒಬ್ಬಳೂ ನನ್ನ ಜೊತೆ ಕೇಕು ತಿನ್ನಲಿಲ್ಲ."

ಕೊಕ್ಕರೆಯ ಮುಖ ಅರಳಿತು. "ನಾನು ಹೇಳ್ಲಿಲ್ವಾ?" ಅಂದಳು. "ನಾನು ಮೊದಲೇ ಹೇಳ್ಲಿಲ್ವಾ ಅಕ್ಕ, ಅವರು ಹಾಗಲ್ಲ ಅಂತ?" ಕಣ್ಣೊರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ, ಭುಜಕ್ಕೆ ಒರೆಸಿಕೊಂಡಳು. ಆಮೇಲೆ ಹಗ್ಗದಿಂದ ಒಂದು ಬೆಡ್‌ಶೀಟು ಎಳೆದು, ಎರಡು ಮೂಲೆ ತಾನು ಹಿಡಿದು, ಇನ್ನೆರಡನ್ನು ಮುಂದೆ ಚಾಚಿದಳು.

"ಹಿಡಿ ಅಕ್ಕ."

ಕತೆಯಕ್ಕ ಹಿಡಿದಳು. ಜಾಡಿಸಿದರು, ಎಳೆದರು, ನಡೆದು ಬಂದರು. ಆ ಮುಖ ಹತ್ತಿರ ಬಂದಾಗ, ಕಣ್ಣು ತಗ್ಗಿಸದೆ ಅದನ್ನು ನೋಡುವುದು ಅವಳ ಪಾಲಿಗೆ ಉಳಿದ ಕೆಲಸವಾಗಿತ್ತು. ಇನ್ನೂ ಹದಿನೇಳು ಬೆಡ್‌ಶೀಟು ಹಗ್ಗದ ಮೇಲಿದ್ದವು.